ಕಂಡವರು ಹೇಳಬೇಕಾದ ಬೇನೆ

ಮೈಯೆಲ್ಲ ಸೆಟೆದು ಬೀಳುವಂಥ ಫಿಟ್ಸ್ ಬಂದವರಿಗೆ ತಮಗೆ ಫಿಟ್ಸ್ ಬಂತೆಂಬುದೇ ಗೊತ್ತಿರುವುದಿಲ್ಲ. ಜ್ವರ ಬಂದರೆ ಮೈ ಸುಡುತ್ತದೆ, ಹಲ್ಲು ಹುಳುಕಾದರೆ ದವಡೆ ಸಿಡಿಯುತ್ತದೆ, ರೋಗಿ ತಾನೇ ಹೋಗಿ ಡಾಕ್ಟರಿಗೆ ಹೇಳಿಕೊಳ್ಳುತ್ತಾನೆ. ಈ ಬೇನೆಯಲ್ಲಿ ಬಿದ್ದವರು ಎದ್ದ ಮೇಲೆ ಸುತ್ತ ನೆರೆದವರ ಮುಖ ನೋಡಿ, ಏನೋ ಆಗಿದೆ ಎಂದು ತಿಳಿಯಬೇಕು. ಏನಾಯಿತು ಎಂಬುದನ್ನು ಕಂಡವರೇ ಹೇಳಬೇಕು. ಸಾಂಗಲಿ ಜಿಲ್ಲೆಯ ನಮ್ಮ ಜತ್ತ ತಾಲ್ಲೂಕಿನಲ್ಲಿ ಈ ಬೇನೆಯ ಇತಿಹಾಸ ಬರೆಯಹೊರಟರೆ ಅದು ಬಹುಪಾಲು ಕಂಡವರು ಬಾಯಿ ಮುಚ್ಚಿಕೊಂಡ ಇತಿಹಾಸ.

ನಾನು ಉಮದಿ ಭಾಗದ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದವಳು. ಕಳೆದ ವರ್ಷ ನಾನು ಅಡುಗೆಮನೆಯಲ್ಲಿ ಬಿದ್ದಾಗ ಮಗ-ಸೊಸೆ ವಿಜಾಪುರಕ್ಕೆ ಕರೆದೊಯ್ದರು. ನರದ ಡಾಕ್ಟರು ನನ್ನ ಫೈಲು ತೆರೆದು ನನ್ನನ್ನು ಏನೂ ಕೇಳಲಿಲ್ಲ. "ಇವರು ಬಿದ್ದಾಗ ಕಣ್ಣಾರೆ ನೋಡಿದವರು ಯಾರ್ರಿ?" ಎಂದರು. ಸೊಸೆ ಮುಂದೆ ಬಂದಳು. ಮೊದಲು ಯಾವ ಕೈ ಜಗ್ಗಿತು, ಕಣ್ಣು ತೆರೆದಿದ್ದವೋ ಮುಚ್ಚಿದ್ದವೋ, ಕತ್ತು ಯಾವ ಕಡೆ ಹೊರಳಿತು, ನಾಲಿಗೆ ಕಚ್ಚಿಕೊಂಡರೋ, ಎಷ್ಟು ಹೊತ್ತಿಗೆ ಮಾತಾಡಿದರು ಎಂದು ಒಂದೊಂದಾಗಿ ಕೇಳಿದರು. "ಎಡಗೈ ಮೊದಲ ಜಗ್ಗಾಕ ಹತ್ತಿತ್ರಿ, ಆಮ್ಯಾಲೆ ಮಾರಿ ಎಡಕ್ಕ ತಿರುಗಿ ಮೈಯೆಲ್ಲಾ ನಡುಗಿತ್ರಿ" ಎಂದಳು. ಎಡಗೈಯಿಂದ ಶುರುವಾದರೆ ಮೂಲ ಮೆದುಳಿನ ಬಲಭಾಗದಲ್ಲಿರಬೇಕು ಎಂದು ಡಾಕ್ಟರು ಬರೆದುಕೊಂಡರು. ಆಮೇಲೆ ತೆಗೆದ ಎಂಆರ್‌ಐ ಚಿತ್ರದಲ್ಲಿ ಬಲಗಡೆಯೇ ಹಳೆಯದೊಂದು ಸಣ್ಣ ಕಲೆ ಕಂಡಿತು. ತಲೆಗೆ ತಂತಿ ಅಂಟಿಸಿ ತೆಗೆಯುವ ಇಇಜಿ ಮಾತ್ರ ಚೊಕ್ಕವಾಗಿತ್ತು. ಫಿಟ್ಸ್ ಬರದ ಹೊತ್ತಿನಲ್ಲಿ ತೆಗೆದ ಇಇಜಿ ಹಾಗೆ ಚೊಕ್ಕ ಬರುವುದು ಸಾಮಾನ್ಯ, ಅದರಿಂದ ಬೇನೆ ಇಲ್ಲವೆಂದಾಗುವುದಿಲ್ಲ ಎಂದರು.

ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: "ಮನೆತನದಾಗ ಯಾರಿಗರೆ ಇತ್ತೇನು?" ಆಗ ನನಗೆ ನನ್ನ ಅತ್ತಿ, ಅಂದರೆ ಅಪ್ಪನ ತಂಗಿ, ನೆನಪಾದಳು. ಅವಳ ಬಲಗೈ ಮೊಣಕೈಯಿಂದ ಬೆರಳಿನವರೆಗೆ ಸುಟ್ಟು ಮುದುಡಿತ್ತು. ರೊಟ್ಟಿ ಬಡಿಯುವಾಗ ಒಲೆಯ ಮೇಲೆ ಜೋಲಿ ಹೋಗಿ ಬಿದ್ದಳಂತೆ ಎಂದಷ್ಟೇ ನಮಗೆ ಹೇಳಿದ್ದರು. ಜೋಲಿ ಯಾಕೆ ಹೋಯಿತು ಎಂದು ಯಾರೂ ಹೇಳಿರಲಿಲ್ಲ. ಅವಳಿಗೆ ಮದುವೆಯಾಗಲಿಲ್ಲ, ನಮ್ಮನ್ನೆಲ್ಲ ಎತ್ತಿ ಆಡಿಸಿ ಮುದುಕಿಯಾಗಿ ತೀರಿಕೊಂಡಳು. ನನ್ನ ಕಲೆಗೂ ಅತ್ತಿಯ ಬೇನೆಗೂ ಸಂಬಂಧವಿಲ್ಲ, ಬಹಳಷ್ಟು ಜನರಲ್ಲಿ ಇದು ವಂಶದಿಂದ ಬರುವುದಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆದರೆ ಅತ್ತಿಯ ಕಾಲದಲ್ಲಿ ಈ ಬೇನೆಗೆ ಏನಿತ್ತು, ಏನಿರಲಿಲ್ಲ ಎಂದು ಹುಡುಕುವ ಹಂಬಲ ನನಗೆ ಅಲ್ಲಿಂದ ಹತ್ತಿತು.

ಹಳೆಯ ಕಾಲದವರಿಗೆ ಇದು ತಿಳಿಯದ ಬೇನೆಯೇನಲ್ಲ. ಚರಕ ಸಂಹಿತೆ ಇದನ್ನು ಅಪಸ್ಮಾರ ಎಂದು ಕರೆದು, ವಾತ, ಪಿತ್ತ, ಕಫ, ಮೂರೂ ಕೂಡಿದ ಸನ್ನಿಪಾತ ಎಂದು ನಾಲ್ಕು ಬಗೆ ಮಾಡಿದೆ. ಆ ವಿಂಗಡಣೆಯೂ ನಿಂತಿರುವುದು ನೋಡಿದವರ ಕಣ್ಣಿನ ಮೇಲೆಯೇ. ಬಾಯಿಯ ನೊರೆ ಯಾವ ಬಣ್ಣದ್ದು, ಮೈ ಹೇಗೆ ನಡುಗಿತು, ಎಚ್ಚರ ಬೇಗ ಬಂತೋ ತಡವಾಯಿತೋ ಎಂಬುದನ್ನೆಲ್ಲ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಮದ್ದಿಗೆ ಪಂಚಗವ್ಯ ಘೃತ, ಬ್ರಾಹ್ಮೀ ಘೃತಗಳನ್ನು ಹೇಳುತ್ತದೆ. ನನ್ನ ಮನಸ್ಸಿಗೆ ನಾಟಿದ್ದು ಚಿಕಿತ್ಸೆಯ ಅಧ್ಯಾಯದ ಕೊನೆಯಲ್ಲಿರುವ ಒಂದು ಎಚ್ಚರಿಕೆ: ಇಂಥವರನ್ನು ನೀರು, ಬೆಂಕಿ, ಮರ, ಗುಡ್ಡ, ತಗ್ಗು-ದಿಣ್ಣೆಗಳಿಂದ ಯಾವಾಗಲೂ ಕಾಯಬೇಕು, ಅವು ಕ್ಷಣದಲ್ಲಿ ಜೀವ ತೆಗೆಯುತ್ತವೆ. ಕಟ್ಟೆಯಿಲ್ಲದ ಬಾವಿ, ನೆಲಮಟ್ಟದ ಒಲೆ, ಬೇವಿನ ಮರ ಹತ್ತಿ ಕುರಿಗೆ ತಪ್ಪಲು ಕಡಿಯುವ ಹುಡುಗರು ಇರುವ ನಮ್ಮ ಸೀಮೆಗೆ ಇದಕ್ಕಿಂತ ಸರಿಯಾದ ಮಾತು ಇಲ್ಲ. ನನ್ನ ಅತ್ತಿಯ ಕೈ ಸುಟ್ಟದ್ದು ಫಿಟ್ಸಿನಿಂದಲ್ಲ, ಒಲೆಯಿಂದ. ಅವಳನ್ನು ಒಲೆಯ ಮುಂದೆ ಒಬ್ಬಳನ್ನೇ ಕೂಡಿಸಬಾರದು ಎಂದು ಎರಡು ಸಾವಿರ ವರ್ಷದ ಹಿಂದಿನ ವೈದ್ಯನಿಗೆ ಗೊತ್ತಿತ್ತು, ನಮ್ಮ ಮನೆಯವರಿಗೆ ಗೊತ್ತಿರಲಿಲ್ಲ.

ಊರಲ್ಲಿ ಇದ್ದ ಉಪಾಯಗಳೇ ಬೇರೆ. ಬಿದ್ದವರ ಮೂಗಿಗೆ ಉಳ್ಳಾಗಡ್ಡಿ ಜಜ್ಜಿ ಹಿಡಿಯುವುದು, ಚಪ್ಪಲಿ ಮೂಸಿಸುವುದು, ಮುಷ್ಟಿಯಲ್ಲಿ ಕಬ್ಬಿಣದ ಕೀಲಿಕೈ ತುರುಕುವುದು. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಷ್ಟರಲ್ಲಿ ಚಪ್ಪಲಿ ತಂದವನಿಗೆ ಪುಣ್ಯ ಸಿಗುತ್ತಿತ್ತು. ಕುರುಬರ ಮನೆಯಾದರೆ ಬೀರಪ್ಪನ ಭಂಡಾರ ಹಣೆಗೆ ಬರುತ್ತಿತ್ತು, ನಮ್ಮಂಥ ಲಿಂಗಾಯತರ ಮನೆಯಾದರೆ ಸ್ವಾಮಿಗಳ ವಿಭೂತಿ, ತಾಯತ. ಎಲ್ಲ ಜಾತಿಯವರೂ ಮಿರಜದ ಮೀರಾಸಾಹೇಬರ ದರ್ಗಾಕ್ಕೆ ಹರಕೆ ಹೊರುತ್ತಿದ್ದರು. ಗುಡ್ಡಾಪುರದ ದಾನಮ್ಮನ ಗುಡಿಯಂತೂ ನಮ್ಮ ತಾಲ್ಲೂಕಿನದೇ. ವಿಜಾಪುರ, ಬಾಗಲಕೋಟೆ ಕಡೆಯಿಂದ ಛಟ್ಟಿ ಅಮಾವಾಸ್ಯೆಗೆ ಸಾವಿರಾರು ಜನ ನಡೆದು ಬರುವ ಆ ಜಾಗಕ್ಕೆ ಅತ್ತಿಯನ್ನೂ ಕರೆದೊಯ್ಯುತ್ತಿದ್ದರು. ಇವೆಲ್ಲದರಿಂದ ಮೈಗೆ ಕೇಡಿಲ್ಲ. ಕೇಡು ಇದ್ದದ್ದು ಬರೆ ಹಾಕುವುದರಲ್ಲಿ. ಕಾಯಿಸಿದ ಕಬ್ಬಿಣವನ್ನೋ ಬಳೆಯ ಚೂರನ್ನೋ ಕೂಸಿನ ಹಣೆಗೆ, ಹೊಟ್ಟೆಗೆ ಒತ್ತುತ್ತಿದ್ದರು. ನನ್ನ ತರಗತಿಯಲ್ಲಿ ಕೂತ ಮಕ್ಕಳ ಹಣೆಯ ಮೇಲೆಯೂ ಆ ಗುರುತುಗಳನ್ನು ಕಂಡಿದ್ದೇನೆ.

ಒಂದು ಮಾತನ್ನು ಮಾತ್ರ ದೇವರು ಹೇಳುವ ಪೂಜಾರಿಗಳ ಪರವಾಗಿ ಹೇಳಬೇಕು. ಅವರು ಕೇಳುತ್ತಿದ್ದರು. ಯಾವ ಹೊತ್ತಿಗೆ ಬಿತ್ತು, ಅಮಾವಾಸ್ಯೆಯೋ ಹುಣ್ಣಿಮೆಯೋ, ಎಲ್ಲಿಗೆ ಹೋಗಿ ಬಂದಿತ್ತು, ಹಿಂದಿನ ರಾತ್ರಿ ಏನು ಕನಸು ಬಿದ್ದಿತ್ತು ಎಂದು ಕೂಡಿಸಿಕೊಂಡು, ನಮ್ಮ ಮಾತಿನಲ್ಲೇ ಕೇಳುತ್ತಿದ್ದರು. ಕೇಳಿದ್ದರಿಂದ ಅವರು ತೆಗೆದ ಅರ್ಥ ಬೇರೆ ಇರಬಹುದು. ಆದರೆ ಕಂಡವರ ಬಾಯಿ ತೆರೆಸುವವರು ಆಗಿನ ನಮ್ಮ ಸೀಮೆಯಲ್ಲಿ ಅವರೊಬ್ಬರೇ.

ಇಂಗ್ಲಿಷ್ ವೈದ್ಯ ಇದೇ ಹಾದಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ನಿನ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಯಾವ ಯಂತ್ರವೂ ಇಲ್ಲದೆ, ಸೆಳೆತ ಹೆಬ್ಬೆರಳಿನಿಂದ ಶುರುವಾಗಿ ಹೇಗೆ ತೋಳಿಗೆ ಏರಿತು ಎಂದು ನೋಡಿ ನೋಡಿಯೇ ಮೆದುಳಿನ ಯಾವ ಜಾಗ ಯಾವ ಅಂಗವನ್ನು ಆಳುತ್ತದೆ ಎಂದು ಊಹಿಸಿದ. ನನ್ನ ಸೊಸೆ ಎಡಗೈ ಎಂದದ್ದನ್ನು ಡಾಕ್ಟರು ಮೆದುಳಿನ ಬಲಕ್ಕೆ ಹೊಂದಿಸಿದ್ದು ಅವನು ಹಾಕಿಕೊಟ್ಟ ಲೆಕ್ಕದಿಂದಲೇ. ಮದ್ದಿನಲ್ಲಿ ಮೊದಲು ಬಂದದ್ದು ಬ್ರೋಮೈಡ್. 1857ರಲ್ಲಿ ಚಾರ್ಲ್ಸ್ ಲೊಕಾಕ್ ಅದರ ಗುಣವನ್ನು ಹೇಳಿದ. ಫಿಟ್ಸ್ ಇಳಿಯುತ್ತಿತ್ತು, ಆದರೆ ರೋಗಿ ಮಂಕಾಗುತ್ತಿದ್ದ, ಮೈತುಂಬ ಗುಳ್ಳೆ ಏಳುತ್ತಿದ್ದವು. 1912ರಲ್ಲಿ ಜರ್ಮನಿಯ ಎಳೆಯ ಡಾಕ್ಟರು ಆಲ್ಫ್ರೆಡ್ ಹಾಪ್ಟ್‌ಮನ್, ರೋಗಿಗಳು ರಾತ್ರಿ ನಿದ್ದೆ ಮಾಡಲೆಂದು ಕೊಟ್ಟ ಫಿನೋಬಾರ್ಬಿಟಾಲ್ ಗುಳಿಗೆ ಅವರ ಫಿಟ್ಸನ್ನೂ ಇಳಿಸಿದ್ದನ್ನು ಗಮನಿಸಿದ. ಔಷಧಿ ಅಂಗಡಿಯಲ್ಲಿ ನಮ್ಮವರು ಗಾರ್ಡಿನಾಲ್ ಎಂದು ಕೇಳಿ ಪಡೆಯುವ ಗುಳಿಗೆ ಅದೇ. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪುಟ್ನಂ, ನಿದ್ದೆ ಹೆಚ್ಚಿಸದೆಯೇ ಫಿಟ್ಸ್ ತಡೆಯುವ ಫಿನಿಟಾಯಿನ್ ಕಂಡುಕೊಂಡರು. ಇದು ನಮ್ಮಲ್ಲಿ ಎಪ್ಟೋಯಿನ್ ಎಂದು ಮನೆಮಾತಾದ ಗುಳಿಗೆ. ಅಂದರೆ ಅತ್ತಿ ಹರೆಯಕ್ಕೆ ಬರುವ ಹೊತ್ತಿಗೆ ಅವಳ ಬೇನೆಗೆ ಎರಡು ಒಳ್ಳೆಯ, ಅಗ್ಗದ ಮದ್ದುಗಳು ಜಗತ್ತಿನಲ್ಲಿ ಇದ್ದವು.

ಜಗತ್ತಿನಲ್ಲಿದ್ದದ್ದು ಜತ್ತಕ್ಕೆ ಬರಲು ಹಾದಿ ಬೇಕಲ್ಲ. ಆಗ ಜತ್ತ ಡಫಳೆ ಮನೆತನದ ಸಂಸ್ಥಾನ. ಆದಿಲಶಾಹಿ ಕಾಲದಿಂದ ಬೇರುಬಿಟ್ಟ ಈ ಮನೆತನದ ಆಡಳಿತ ಬ್ರಿಟಿಷರ ಕಾಲದಲ್ಲಿ ಬಿಜಾಪುರ ಏಜೆನ್ಸಿಗೆ ಸೇರಿತ್ತು. ಮಳೆ ನೆಚ್ಚುವಂತಿಲ್ಲದ, ಜೋಳ-ಸಜ್ಜಿ ಬೆಳೆದು ಕುರಿ ಕಾಯ್ದು ಬದುಕುವ ಸೀಮೆ. ದೊಡ್ಡ ಆಸ್ಪತ್ರೆ ಎಂದರೆ ಮಿರಜ. ಕೆನಡಾದಲ್ಲಿ ಹುಟ್ಟಿದ ಮಿಷನರಿ ಡಾಕ್ಟರು ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆದರು. ಎತ್ತಿನ ಗಾಡಿ ಕಟ್ಟಿಕೊಂಡು ದೂರದೂರದವರು ಬಂದು ಆಸ್ಪತ್ರೆಯ ಅಂಗಳದಲ್ಲಿ ಬೀಡುಬಿಡುತ್ತಿದ್ದರು ಎಂದು ನಮ್ಮ ಮುತ್ಯಾ ಹೇಳುತ್ತಿದ್ದ. 1927ರಲ್ಲಿ ಬಾರ್ಸಿ ಲೈಟ್ ರೈಲ್ವೆಯ ಸಣ್ಣ ಗಾಡಿ ಪಂಢರಪುರದಿಂದ ಮಿರಜಕ್ಕೆ ಓಡತೊಡಗಿತು. ಅದರ 'ಜತ್ತ ರೋಡ್' ಎಂಬ ನಿಲ್ದಾಣಕ್ಕೆ ಹೆಸರಷ್ಟೇ ನಮ್ಮದು. ಜತ್ತದಿಂದ ಅದು ದೂರ, ಜತ್ತದ ಮೂಡಣ ಹಳ್ಳಿಗಳಿಂದ ಇನ್ನೂ ದೂರ. ಕಣ್ಣಿನ ಪೊರೆ ತೆಗೆಸಲು, ಹೊಟ್ಟೆಯ ಗಡ್ಡೆ ಕೊಯ್ಸಲು ಜನ ಆ ದೂರ ದಾಟುತ್ತಿದ್ದರು. ಅವು ಒಮ್ಮೆ ಹೋಗಿ ಮುಗಿಸಿಕೊಂಡು ಬರುವ ಕೆಲಸ. ಫಿಟ್ಸಿನ ಗುಳಿಗೆ ದಿನಾ ನುಂಗಬೇಕು, ತೀರುವ ಮೊದಲೇ ಮತ್ತೆ ತರಬೇಕು. ದೂರದ ಊರಿನವರನ್ನು ಸೋಲಿಸಿದ್ದು ಅದು.

ಇನ್ನೊಂದು ಹೆದರಿಕೆಯೂ ಇತ್ತು. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಹುಚ್ಚರ ಆಸ್ಪತ್ರೆ ಇತ್ತು. ಆ ಕಾಲದ ಇಂಥ ಆಸ್ಪತ್ರೆಗಳ ದಫ್ತರಗಳಲ್ಲಿ ಹುಚ್ಚಿಗೆ ಕಾರಣಗಳನ್ನು ಪಟ್ಟಿ ಮಾಡುವಾಗ ಗಾಂಜಾ, ಸೆರೆ, ದುಃಖ ಇವುಗಳ ಸಾಲಿನಲ್ಲೇ ಅಪಸ್ಮಾರವನ್ನೂ ಬರೆಯುತ್ತಿದ್ದರು. ನಮ್ಮ ಕಡೆ 'ಧಾರವಾಡಕ್ಕ ಕಳಸಬೇಕು' ಎಂದರೆ ಏನರ್ಥ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಮೈ ನಡುಗಿ ಬೀಳುವ ಮಗಳನ್ನು ಡಾಕ್ಟರಿಗೆ ತೋರಿಸಿದರೆ ಎಲ್ಲಿ ಧಾರವಾಡದ ದಾರಿ ಹಿಡಿಸುತ್ತಾರೋ ಎಂದು ತಂದೆ-ತಾಯಿ ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ.

1948ರ ಮಾರ್ಚಿನಲ್ಲಿ ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಮರುವರ್ಷ ಆದ ದಕ್ಷಿಣ ಸಾತಾರಾ ಜಿಲ್ಲೆಯ ಪಾಲಾಯಿತು. 1960ರಲ್ಲಿ ಮಹಾರಾಷ್ಟ್ರ ಹುಟ್ಟಿ, ಆ ಜಿಲ್ಲೆಗೆ ಸಾಂಗಲಿ ಎಂದು ಹೆಸರಾಯಿತು. ಗಡಿ ತಕರಾರಿನ ಕುರಿತ 1967ರ ಮಹಾಜನ ವರದಿ ನಮ್ಮ ತಾಲ್ಲೂಕಿನ ಹಲವು ಹಳ್ಳಿಗಳು ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು, ಅದು ನಡೆಯಲಿಲ್ಲ. ಅದು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಫಿಟ್ಸಿನ ರೋಗಿಗೆ ಅದರಿಂದ ಏನಾಯಿತು ಎಂಬುದನ್ನಷ್ಟೇ ಹೇಳುತ್ತೇನೆ. ಮಿರಜದಲ್ಲಿ 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. ಡಾಕ್ಟರುಗಳೂ ಬಂದರು. ಅವರು ಕೇಳುತ್ತಿದ್ದದ್ದು ಮರಾಠಿಯಲ್ಲಿ. ಸಂಖ, ತಿಕ್ಕುಂಡಿ, ಬಾಲಗಾಂವದ ಮುದುಕಿಗೆ ಬರುತ್ತಿದ್ದದ್ದು ಕನ್ನಡ. ಕಾಲು ಮುರಿದರೆ ಭಾಷೆ ಬೇಕಿಲ್ಲ, ಎಕ್ಸ್‌-ರೇ ಸಾಕು. ಕಂಡವರ ಮಾತನ್ನೇ ನಂಬಿ ಹಿಡಿಯಬೇಕಾದ ಈ ಬೇನೆಯಲ್ಲಿ ಭಾಷೆ ತಪ್ಪಿದರೆ ರೋಗವೇ ತಪ್ಪುತ್ತದೆ. "ಚಕ್ಕರ್ ಆಲೀ ಕಾ?" ಎಂದು ಕೇಳಿದರೆ ಮುದುಕಿ "ಹೌದ್ರಿ" ಎನ್ನುತ್ತಾಳೆ. ಕಾಗದದ ಮೇಲೆ ತಲೆಸುತ್ತು ಎಂದು ಬರುತ್ತದೆ, ಶಕ್ತಿಯ ಗುಳಿಗೆ ಕೊಟ್ಟು ಕಳಿಸುತ್ತಾರೆ. ಶಾಲೆ ಬಿಡಿಸಿ ಮಕ್ಕಳನ್ನು ಆಸ್ಪತ್ರೆಗೆ ಒಯ್ಯುವಾಗ ತಾಯಂದಿರು "ಅಕ್ಕೋರ, ನೀವೂ ಬರ್ರಿ, ಅವರ ಮಾತ ನಮಗ ತಿಳಿಯೂದಿಲ್ಲ" ಎಂದು ನನ್ನನ್ನು ಕರೆಯುತ್ತಿದ್ದರು. ನಾನು ಹೋಗುತ್ತಿದ್ದೆ. ವಿಜಾಪುರದಲ್ಲಿ ಎಂಬತ್ತರ ದಶಕದಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳು ಆದ ಮೇಲೆ, ಬಿಎಲ್‌ಡಿಇ ಸಂಸ್ಥೆಯ ಕಾಲೇಜು 1986ರಲ್ಲಿ ಆರಂಭವಾದ ಮೇಲೆ, ನಮ್ಮ ಮೂಡಣದ ಹಳ್ಳಿಗಳು ಬೇನೆ ಬಂದರೆ ಗಡಿ ದಾಟುವುದನ್ನು ರೂಢಿ ಮಾಡಿಕೊಂಡವು. ಹತ್ತಿರ ಎಂಬುದು ಒಂದು ಕಾರಣ. ಹೇಳಿದ್ದು ತಿಳಿಯುತ್ತದೆ ಎಂಬುದು ಇನ್ನೊಂದು.

ಭಾಷೆ ಇದ್ದರೂ ಹೇಳದೆ ಇರುವ ಕಾರಣ ಮನೆಯೊಳಗೇ ಇತ್ತು. 1972ರ ಬರಗಾಲದಲ್ಲಿ ನಾನು ಶಾಲೆಯ ಹುಡುಗಿ. ಸರಕಾರ ರಸ್ತೆ, ಕೆರೆ ಕೆಲಸ ತೆರೆದಿತ್ತು. ಹೆಂಗಸರು ಖಡಿ ಒಡೆಯುತ್ತಿದ್ದರು, ಮಕ್ಕಳಿಗೆ ಸುಕಡಿ ಹಂಚುತ್ತಿದ್ದರು. ಅತ್ತಿಯೂ ಮುದುಡಿದ ಕೈಯಲ್ಲೇ ಬುಟ್ಟಿ ಹೊರುತ್ತಿದ್ದಳು. ಒಂದು ಮಧ್ಯಾಹ್ನ ಕಲ್ಲಿನ ರಾಶಿಯ ಮೇಲೆ ಬಿದ್ದಳು. ನೂರಾರು ಜನ ನೋಡಿದರು. ಸಂಜೆ ಅಪ್ಪ ಎಲ್ಲರ ಮುಂದೆ "ಬಿಸಿಲು ಹೊಡದೈತಿ" ಎಂದ. ನೋಡಿದ ನೂರು ಜನವೂ ಬಿಸಿಲು ಎಂದೇ ಒಪ್ಪಿದರು. ಮುಕಾದಮ ಮರುದಿನದಿಂದ ಅವಳ ಹಾಜರಿ ಬರೆಯಲಿಲ್ಲ. "ಏನಾಗಿತ್ತ ಅತ್ತಿ?" ಎಂದು ನಾನು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: "ನನಗೇನ ಗೊತ್ತವ್ವಾ, ಕಂಡವರಿಗೆ ಗೊತ್ತು." ಅಪ್ಪ ಕೆಟ್ಟವನಲ್ಲ. ಹಿಂದೆ ಇನ್ನೂ ಇಬ್ಬರು ಹೆಣ್ಣುಮಕ್ಕಳಿದ್ದರು, ನಾನು ಮತ್ತು ನನ್ನ ತಂಗಿ. ಈ ಮನೆಯಲ್ಲಿ ಫಿಟ್ಸ್ ಇದೆ ಎಂದು ಮಾತು ಹಬ್ಬಿದರೆ ನಮ್ಮನ್ನು ಯಾರು ಕೇಳಿಕೊಂಡು ಬರುತ್ತಿದ್ದರು?

ಆ ಅಂಜಿಕೆಗೆ ಮುಂದೆ ಕಾನೂನೇ ಮುದ್ರೆ ಒತ್ತಿತು. ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅದಕ್ಕೆ 1976ರಲ್ಲಿ ಮಾಡಿದ ತಿದ್ದುಪಡಿ, ಮದುವೆಯಾಗುವವರಿಗೆ ಪದೇ ಪದೇ ಹುಚ್ಚಾಗಲಿ ಅಪಸ್ಮಾರವಾಗಲಿ ಬರುತ್ತಿರಬಾರದು ಎಂಬ ಷರತ್ತು ಸೇರಿಸಿತು. ಷರತ್ತು ತಪ್ಪಿದ ಮದುವೆಯನ್ನು ಕೋರ್ಟಿಗೆ ಹೋಗಿ ರದ್ದು ಮಾಡಿಸಬಹುದಿತ್ತು. ಆಗ ಗುಳಿಗೆ ನುಂಗಿ ಚೆನ್ನಾಗಿದ್ದ ಹೆಣ್ಣುಮಕ್ಕಳೂ ಗಂಡನ ಮನೆಗೆ ಹೋಗುವಾಗ ಗುಳಿಗೆಯ ಚೀಟಿಯನ್ನು ತವರಿನಲ್ಲೇ ಬಿಟ್ಟು ಹೋಗತೊಡಗಿದರು. ಗುಳಿಗೆ ಥಟ್ಟನೆ ಬಿಟ್ಟರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರುತ್ತದೆ. ಹೊಸ ಸೊಸೆ ಅತ್ತೆಯ ಮನೆಯ ಅಡುಗೆಮನೆಯಲ್ಲಿ ಬೀಳುತ್ತಿದ್ದಳು, ಮೋಸ ಮಾಡಿದರೆಂದು ಅವಳನ್ನು ತವರಿಗೆ ಅಟ್ಟುತ್ತಿದ್ದರು. ಹೀಗೆ ಮರಳಿ ಬಂದವರು ನನ್ನ ವಿದ್ಯಾರ್ಥಿನಿಯರಲ್ಲೂ ಇದ್ದಾರೆ. ದೇಶದ ನರರೋಗ ತಜ್ಞರು, ಅಪಸ್ಮಾರ ಸಂಘದವರು ವರ್ಷಗಟ್ಟಲೆ ದನಿಯೆತ್ತಿದ ಮೇಲೆ 1999ರ ತಿದ್ದುಪಡಿ 'ಅಪಸ್ಮಾರ'ವನ್ನು ಆ ಷರತ್ತಿನಿಂದ ತೆಗೆದುಹಾಕಿತು. ಇಂದು ಫಿಟ್ಸ್ ಇದ್ದವರ ಮದುವೆಗೆ ಕಾನೂನಿನ ತಕರಾರಿಲ್ಲ. ನಮ್ಮೂರಲ್ಲಿ ಇದನ್ನು ಬಲ್ಲವರು ಬೆರಳೆಣಿಕೆಯಷ್ಟು.

ಹಳ್ಳಿಯಲ್ಲೇ ಇದನ್ನು ಹಿಡಿದು ಹತೋಟಿಗೆ ತರಬಹುದು ಎಂಬುದನ್ನು ತೋರಿಸಿಕೊಟ್ಟವರು ಕನ್ನಡ ನಾಡಿನವರೇ ಎಂಬುದು ನನಗೆ ಹೆಮ್ಮೆಯ ಸಂಗತಿ. ಬೆಂಗಳೂರಿನ ಹಿರಿಯ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ತೊಂಬತ್ತರ ದಶಕದಲ್ಲಿ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕಿ, ಅದೇ ಹಳೆಯ ಫಿನೋಬಾರ್ಬಿಟಾಲ್, ಫಿನಿಟಾಯಿನ್ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡರು. ಅಗ್ಗದ ಗುಳಿಗೆಯಿಂದಲೇ ಬಹಳ ಮಂದಿಗೆ ಫಿಟ್ಸ್ ಹಿಡಿತಕ್ಕೆ ಬರುತ್ತದೆ ಎಂದು ಸಿದ್ಧಮಾಡಿದರು. ನಿಮ್ಹಾನ್ಸ್‌ನವರು ಅದೇ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಚಾರಿಸಿದಾಗ, ಸಾವಿರಕ್ಕೆ 8.8 ಮಂದಿಯಲ್ಲಿ ಈ ಬೇನೆ ಕಂಡಿತು. ಪೇಟೆಯಲ್ಲಿ 5.7, ಹಳ್ಳಿಯಲ್ಲಿ 11.9. ಮೂರು ಲಕ್ಷಕ್ಕೂ ಮೇಲ್ಪಟ್ಟು ಜನರಿರುವ ನಮ್ಮ ತಾಲ್ಲೂಕಿಗೆ ಆ ಲೆಕ್ಕ ಹಿಡಿದರೆ ಎರಡು-ಮೂರು ಸಾವಿರ ಮಂದಿಯಾದರೂ ಇರಬೇಕು. ಆದರೆ ಯಾವ ಊರಲ್ಲಿ ಕೇಳಿದರೂ "ನಮ್ಮಲ್ಲಿ ಯಾರಿಗೂ ಇಲ್ಲ" ಎನ್ನುತ್ತಾರೆ.

ಇದೇ ಬೆಂಗಳೂರಿನ ಡಾಕ್ಟರುಗಳು ಬರೆದಿಟ್ಟ ಇನ್ನೊಂದು ಸಂಗತಿ ಉಂಟು. ತಲೆಗೆ ಬಿಸಿನೀರು ತಂಬಿಗೆ ತಂಬಿಗೆಯಾಗಿ ಸುರಿದುಕೊಳ್ಳುವಾಗಲೇ ಬರುವ ಫಿಟ್ಸ್. ದಕ್ಷಿಣ ಕರ್ನಾಟಕದಲ್ಲಿ ಇದು ಹೆಚ್ಚು. ಡಾ. ಮಣಿಯವರೂ ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಅವರೂ ಇದನ್ನು ಆಳವಾಗಿ ನೋಡಿದರು; 1988ರ ಒಂದು ಬರಹದಲ್ಲಿ 279 ರೋಗಿಗಳ ವಿವರವಿದೆ. ಬಚ್ಚಲಲ್ಲಿ ಮಗುವಿಗೆ ಎರೆಯುತ್ತಿದ್ದ ತಾಯಿ "ನೀರು ಹಾಕಿದಾಗಲೇ ಹೀಗಾಗುತ್ತದೆ" ಎಂದು ಹೇಳದೆ ಹೋಗಿದ್ದರೆ ಯಾವ ಯಂತ್ರವೂ ಅದನ್ನು ಹೇಳುತ್ತಿರಲಿಲ್ಲ. ಅಂಥವರಿಗೆ ತಲೆಗೆ ಹದವಾದ ನೀರು ಹಾಕಿ ಎಂಬುದೇ ಮೊದಲ ಮದ್ದು.

ಕಾರಣಗಳ ವಿಷಯದಲ್ಲೂ ನಮ್ಮವರಲ್ಲಿ ತಪ್ಪು ತಿಳಿವಳಿಕೆ ಬಹಳ. ಹೆರಿಗೆಯಲ್ಲಿ ಕೂಸಿಗೆ ಉಸಿರು ಸಾಲದೆ ಹೋದದ್ದು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದದ್ದು, ಮೆದುಳಿನ ಟಿಬಿ, ನನ್ನಂಥ ವಯಸ್ಸಾದವರಲ್ಲಿ ರಕ್ತನಾಳ ಕಟ್ಟಿ ಉಳಿದ ಕಲೆ, ಹೀಗೆ ನೂರು ಕಾರಣ. ಲಾಡಿಹುಳದ ತತ್ತಿ ಹೊಟ್ಟೆಗೆ ಹೋಗಿ, ಮರಿ ಮೆದುಳಿನಲ್ಲಿ ಗೂಡು ಕಟ್ಟುವುದೂ ಒಂದು. ಇದು ಹಂದಿಯ ಮಾಂಸ ತಿನ್ನುವವರಿಗಷ್ಟೇ ಬರುತ್ತದೆ ಎಂದು ನಮ್ಮ ಓಣಿಯಲ್ಲಿ ಅಂದುಕೊಂಡಿದ್ದಾರೆ. ಹಾಗಲ್ಲ. ಹುಳವಿದ್ದವರು ಬಯಲಿಗೆ ಹೋದಲ್ಲಿನ ಮಣ್ಣು ಮೆಂತ್ಯ, ಗಜ್ಜರಿ, ಕೊತ್ತಂಬರಿಗೆ ಹತ್ತಿ ಬಂದು, ಅದನ್ನು ತೊಳೆಯದೆ ತಿಂದರೆ ಹುಟ್ಟಿನಿಂದ ಮಾಂಸ ಮುಟ್ಟದ ಜಂಗಮರ ಮನೆಯ ಹುಡುಗನಿಗೂ ಬರುತ್ತದೆ. ಸಿಟಿ ಸ್ಕ್ಯಾನ್ ನಮ್ಮ ಸುತ್ತಲ ಪೇಟೆಗಳಿಗೆ ಬಂದ ಮೇಲೆಯೇ ಇದು ಜನಕ್ಕೆ ಕಣ್ಣಿಗೆ ಕಾಣುವಂತಾದದ್ದು. ಸರಿಯಾದ ಮದ್ದಿನಿಂದ ಬಹಳ ಮಕ್ಕಳಲ್ಲಿ ಆ ಗೂಡು ಕರಗಿಹೋಗುತ್ತದೆ.

ಈಗ ನನ್ನ ದಿನಚರಿ ಹೇಳುತ್ತೇನೆ, ಹೊಸದಾಗಿ ಈ ಬೇನೆಯ ಹೆಸರು ಕೇಳಿ ಎದೆ ಒಡೆದುಕೊಂಡವರಿಗೆ ಉಪಯೋಗವಾದೀತು. ಬೆಳಗ್ಗೆ ಒಂದು, ರಾತ್ರಿ ಒಂದು ಲೆವಿಪಿಲ್ ಗುಳಿಗೆ. ಮೊದಲ ವಾರಗಳಲ್ಲಿ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು, ಸೊಸೆಯ ಮೇಲೆ ರೇಗುತ್ತಿದ್ದೆ. ಅದು ಗುಳಿಗೆಯ ಗುಣವೂ ಹೌದೆಂದು ಡಾಕ್ಟರು ಹೇಳಿದ ಮೇಲೆ ಅವಳೂ ಹಗುರಾದಳು, ನಾನೂ ಹಗುರಾದೆ. ಸ್ಕೂಟಿ ಬಿಟ್ಟಿದ್ದೇನೆ. ಗಾಡಿಯ ಲೈಸೆನ್ಸಿಗೆ ತುಂಬುವ ಫಾರ್ಮಿನಲ್ಲಿ ಅಪಸ್ಮಾರ ಇದೆಯೇ ಎಂದು ಕೇಳಿರುತ್ತಾರೆ, ಅದಕ್ಕೆ ಸುಳ್ಳು ಬರೆಯಲಾರೆ. ರೊಟ್ಟಿ ಬಡಿಯುವುದನ್ನು ಬಿಟ್ಟಿಲ್ಲ, ಪಕ್ಕದಲ್ಲಿ ಒಬ್ಬರು ಇರುವಾಗ ಬಡಿಯುತ್ತೇನೆ. ಬಚ್ಚಲಿನ ಅಗಳಿ ಹಾಕುವುದಿಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರುವುದುಂಟು, ಅದಕ್ಕೇ ಗುಡ್ಡಾಪುರಕ್ಕೆ ಹಗಲು ಹೋಗಿ ಬರುತ್ತೇನೆ, ಜಾಗರಣೆ ಕೂಡುವುದಿಲ್ಲ. ದಾನಮ್ಮ ಅದಕ್ಕೆ ಸಿಟ್ಟಾಗಳು. ಎಲ್ಲಕ್ಕಿಂತ ಮೊದಲು ಮಾಡಿದ ಕೆಲಸವೆಂದರೆ ಓಣಿಯವರಿಗೆಲ್ಲ ಹೇಳಿದ್ದು. ಹೆಸರು ಕೆಡುತ್ತದೆ, ಮೊಮ್ಮಗಳು ಇನ್ನೂ ಮದುವೆಗಿದ್ದಾಳೆ ಎಂದು ಬೀಗರು ಗೊಣಗಿದರು. ನಾನು ಹೇಳಿದ್ದು ಆ ಮೊಮ್ಮಗಳಿಗಾಗಿಯೇ. ಹೇಳಿದ ಮೇಲೆ ಇಬ್ಬರು ತಾಯಂದಿರು ಸಂಜೆಗತ್ತಲಲ್ಲಿ ಬಂದು ತಮ್ಮ ಮಕ್ಕಳ ಮಾತು ಎತ್ತಿದರು. ಅಷ್ಟು ವರ್ಷ ಅದೇ ಓಣಿಯಲ್ಲಿದ್ದೂ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಫಿಟ್ಸ್ ಇದ್ದವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಸರಿಯಾದ ಗುಳಿಗೆಯಿಂದ ಫಿಟ್ಸಿಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಕ್ಷಿಣ ಆಫ್ರಿಕದ ಕ್ರಿಕೆಟಿಗ ಜಾಂಟಿ ರೋಡ್ಸ್‌ಗೆ ಈ ಬೇನೆ ಇತ್ತು, ಅವರು ಅದನ್ನು ಮುಚ್ಚಿಡಲಿಲ್ಲ. ನಮ್ಮ ಸೀಮೆಯಲ್ಲಿ ಗುಳಿಗೆ ತಪ್ಪುವುದು ಹೆಚ್ಚಾಗಿ ಕಬ್ಬು ಕಡಿಯುವ ಕಾಲದಲ್ಲಿ. ಗ್ಯಾಂಗಿನ ಜೊತೆ ಕಾರಖಾನೆಯ ಕಡೆ ಹೋದವರು ಗದ್ದೆಯಂಚಿನ ಜೋಪಡಿಯಲ್ಲಿ ತಿಂಗಳುಗಟ್ಟಲೆ ಇರುತ್ತಾರೆ, ಕೈಯಲ್ಲಿದ್ದ ಗುಳಿಗೆ ತೀರುತ್ತದೆ, ಮುಕಾದಮನಿಗೆ ಹೇಳಿದರೆ ಕೆಲಸ ಹೋದೀತೆಂದು ಸುಮ್ಮನಿರುತ್ತಾರೆ. ಹೋಗುವ ಮುಂಚೆಯೇ ಡಾಕ್ಟರಿಗೆ ತಿಳಿಸಿ ಇಡೀ ಹಂಗಾಮಿಗಾಗುವಷ್ಟು ಗುಳಿಗೆ ಬರೆಯಿಸಿಕೊಳ್ಳಬೇಕು. ಎರಡು ಮೂರು ವರ್ಷ ಫಿಟ್ಸ್ ಬರದಿದ್ದರೆ ಕೆಲವರಿಗೆ ಡಾಕ್ಟರೇ ಗುಳಿಗೆಯನ್ನು ಮೆಲ್ಲಮೆಲ್ಲಗೆ ಇಳಿಸುತ್ತಾರೆ. ತಾವಾಗಿ ಬಿಡಬಾರದು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ಯಾವ ಗುಳಿಗೆ ನಡೆದಿದೆ ಎಂದು ಮೊದಲೇ ಕೇಳಿ ತಿಳಿಯಬೇಕು, ವ್ಯಾಲ್‌ಪ್ರೋಯೇಟ್ ಎಂಬುದು ಹೊಟ್ಟೆಯ ಕೂಸಿಗೆ ಕೆಡುಕು ಮಾಡಬಲ್ಲದು.

ಕೊನೆಗೆ ಓದುವವರಲ್ಲಿ ಒಂದು ಬೇಡಿಕೆ. ನಿಮ್ಮ ಮುಂದೆ ಯಾರಾದರೂ ಹೀಗೆ ಬಿದ್ದರೆ ಹೊತ್ತು ನೋಡಿಕೊಳ್ಳಿ. ಕಲ್ಲು, ಒಲೆ ಹತ್ತಿರವಿದ್ದರೆ ಸರಿಸಿ. ತಲೆಯ ಕೆಳಗೆ ಟಾವೆಲ್ಲೋ ಸೆರಗೋ ಮಡಿಚಿ ಇಡಿ, ಮಗ್ಗುಲಿಗೆ ಹೊರಳಿಸಿ. ಕೈಕಾಲು ಒತ್ತಿ ಹಿಡಿಯಬೇಡಿ, ಬಾಯಿಗೆ ಚಮಚೆ, ನೀರು, ಉಳ್ಳಾಗಡ್ಡಿ ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ, ಎಚ್ಚರ ಬರುವ ಮೊದಲೇ ಮತ್ತೆ ಬಂದರೆ, ಬಿದ್ದವಳು ಬಸಿರಿಯಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇನ್ನೊಬ್ಬರು ಇದ್ದರೆ ಫೋನಿನಲ್ಲಿ ವಿಡಿಯೊ ತೆಗೆಯಲಿ, ಅದನ್ನು ವಾಟ್ಸಾಪಿನಲ್ಲಿ ಹಂಚದೆ ಡಾಕ್ಟರಿಗೆ ಮಾತ್ರ ತೋರಿಸಲಿ. ಜತ್ತಕ್ಕೆ ಹೋಗಿ, ಮಿರಜಕ್ಕೆ ಹೋಗಿ, ವಿಜಾಪುರಕ್ಕೆ ಹೋಗಿ, ನಿಮಗೆ ಕೂಡಿಬಂದ ಕಡೆ ಹೋಗಿ. ಆದರೆ ರೋಗಿಯ ಜೊತೆ ದುಡ್ಡು ಕಟ್ಟುವವರಷ್ಟೇ ಹೋದರೆ ಸಾಲದು, ಬಿದ್ದದ್ದನ್ನು ಕಣ್ಣಾರೆ ಕಂಡವರು ಹೋಗಬೇಕು, ಕಂಡದ್ದನ್ನು ಕಂಡ ಹಾಗೆ ಹೇಳಬೇಕು.